ದುಡಿಯುತ್ತಲೇ ಬಾಳಿದ ಮರ

ನಿಮ್ಮ ಮನೆಯಂಗಳದಲ್ಲಿ ಮಲ್ಲಿಗೆ ಬಳ್ಳಿಯೋ ಪಾರಿಜಾತದ ಗಿಡವೋ ಇದ್ದರೆ, ನಾನಿವತ್ತು ಮಾತಾಡಹೊರಟಿರುವ ಮರದ ನೆಂಟರು ನಿಮ್ಮಲ್ಲೇ ಇದ್ದಾರೆ. ಮಲ್ಲಿಗೆ, ಪಾರಿಜಾತ, ಆಲಿವ್ ಮೂರನ್ನೂ ಸಸ್ಯಶಾಸ್ತ್ರಜ್ಞರು ಓಲಿಯೇಸೀ ಎಂಬ ಒಂದೇ ಕುಟುಂಬಕ್ಕೆ ಸೇರಿಸುತ್ತಾರೆ. ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ ಇನ್ನೂ ಹತ್ತಿರದ ದಾಯಾದಿಯೊಂದಿದೆ. ಅದರ ಶಾಸ್ತ್ರೀಯ ಹೆಸರು ಓಲಿಯ ಡಯೋಯಿಕ. ಆದರೆ ಕುಟುಂಬದಲ್ಲಿ ಆಯುಸ್ಸು ಹೆಚ್ಚು ಪಡೆದು ಬಂದದ್ದು ಮಾತ್ರ ಮೆಡಿಟರೇನಿಯನ್ ಸಮುದ್ರದ ದಡದ ಆಲಿವ್. ಅದರ ಅತಿ ಹಿರಿಯ ಮರಗಳಲ್ಲಿ ಕೆಲವನ್ನು ನೋಡಬೇಕಾದರೆ ಕ್ರೀಟ್ ದ್ವೀಪಕ್ಕೆ ಹೋಗಬೇಕು.

ಕ್ರೀಟ್ ಗ್ರೀಸ್ ದೇಶದ ಅತಿ ದೊಡ್ಡ ದ್ವೀಪ. ಪೂರ್ವ ಪಶ್ಚಿಮವಾಗಿ ಸುಮಾರು 260 ಕಿಲೋಮೀಟರ್ ಉದ್ದ, ನಡುವೆ ಬೆನ್ನೆಲುಬಿನಂತೆ ಸುಣ್ಣಕಲ್ಲಿನ ಬೆಟ್ಟಸಾಲು. ಮಳೆ ಬರುವುದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಹನಿಯೂ ಇಲ್ಲ. ಆ ಒಣ ನೆಲದ ಮೇಲೆ ಮೂರು ಕೋಟಿಗೂ ಹೆಚ್ಚು ಆಲಿವ್ ಮರಗಳಿವೆ ಎಂದು ಲೆಕ್ಕ. ಅವುಗಳಲ್ಲಿ ಬಹುಪಾಲು ನಮ್ಮ ನಿಮ್ಮ ಕಾಲದವು, ಸಾಲಾಗಿ ನೆಟ್ಟವು. ಆ ಸಾಲುಗಳ ನಡುವೆ, ಹಳ್ಳಿಯ ಓಣಿಯ ತಿರುವಿನಲ್ಲಿ, ಚರ್ಚಿನ ಹಿಂಭಾಗದಲ್ಲಿ, ಬೆಟ್ಟದ ಮೆಟ್ಟಿಲು ಹೊಲಗಳಲ್ಲಿ ಅಲ್ಲೊಂದು ಇಲ್ಲೊಂದು ಹಳೆಯ ಮರ ಉಳಿದಿದೆ. ಅವುಗಳ ಮಾತೇ ಬೇರೆ.

ಎಲ್ಲಕ್ಕಿಂತ ಹೆಸರಾದದ್ದು ದ್ವೀಪದ ಪಶ್ಚಿಮದಲ್ಲಿ, ಹನಿಯಾ ಪಟ್ಟಣದಿಂದ ಸುಮಾರು 30 ಕಿಲೋಮೀಟರ್ ದೂರದ ಆನೋ ವೂವೆಸ್ ಹಳ್ಳಿಯಲ್ಲಿದೆ. 1997ರಲ್ಲಿ ಆ ಮರವನ್ನು ನಿಸರ್ಗ ಸ್ಮಾರಕವೆಂದು ಘೋಷಿಸಿದರು. 2009ರಲ್ಲಿ ಅದರ ಪಕ್ಕದ ಹಳೆಯ ಮನೆಯೊಂದರಲ್ಲಿ ಆಲಿವ್ ಕೃಷಿಯ ಸಣ್ಣ ವಸ್ತುಸಂಗ್ರಹಾಲಯ ತೆರೆಯಿತು. ಅಥೆನ್ಸಿನ 2004ರ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಗೆದ್ದವರ ತಲೆಗೆ ಮುಡಿಸಿದ ಎಲೆಗಿರೀಟಗಳಿಗೆ ಕ್ರೀಟಿನ ಹಿರಿಯ ಮರಗಳ ರೆಂಬೆಗಳನ್ನೇ ತಂದಿದ್ದರು.

ಆ ಮರದ ಬುಡಕ್ಕೆ ಹೋಗಿ ನಿಂತಿದ್ದೀರಿ ಎಂದುಕೊಳ್ಳಿ. ಎತ್ತರ ನೋಡಿ ಬೆರಗಾಗುವಂಥದ್ದೇನಿಲ್ಲ. ನಮ್ಮ ಒಂದು ಹುಣಿಸೆ ಮರ ಅದಕ್ಕಿಂತ ಎತ್ತರ ಹೋಗುತ್ತದೆ. ನೋಡಬೇಕಾದದ್ದು ಕಾಂಡ. ಸುತ್ತಳತೆ ಸುಮಾರು ಹನ್ನೆರಡೂವರೆ ಮೀಟರ್. ಎಂಟು ಮಂದಿ ಕೈ ಕೈ ಹಿಡಿದು ನಿಂತರೆ ಒಂದು ಸುತ್ತು. ದಪ್ಪ ಹುರಿಗಳನ್ನು ಒಂದರ ಮೇಲೊಂದು ಹೊಸೆದು ಬಿಟ್ಟ ಹಾಗೆ ಮರದ ಮೈ ತಿರುಚಿಕೊಂಡು ಮೇಲೇರುತ್ತದೆ. ನಡುನಡುವೆ ಸೀಳು, ಗಂಟು, ಪೊಟರೆ. ಒಂದು ಕಡೆಯಿಂದ ಬಾಗಿ ಒಳಗೆ ಕಾಲಿಡಬಹುದು. ಒಳಗೆ ಮರವೇ ಇಲ್ಲ! ತಲೆಯ ಮೇಲೆ ಮಾತ್ರ ಹಸಿರು ಚಪ್ಪರ. ಎಲೆಯ ಮೇಲ್ಭಾಗ ಕಡು ಹಸಿರು, ಅಡಿಭಾಗ ಬೆಳ್ಳಿ. ಆ ಬೆಳ್ಳಿ ಬಣ್ಣ ಬರುವುದು ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿಂದ. ಎಲೆಯ ಉಸಿರುರಂಧ್ರಗಳ ಮೇಲೆ ಅವು ಹೊದಿಕೆಯಂತೆ ಕೂತು, ಬೇಸಿಗೆಯ ಗಾಳಿ ನೀರು ಹೀರದಂತೆ ಕಾಯುತ್ತವೆ.

ಒಳಗೆ ಟೊಳ್ಳಾದರೂ ಮರ ನಿಂತಿರುವುದು ಹೇಗೆ? ಯಾವ ಮರದಲ್ಲೂ ಜೀವ ಇರುವುದು ತೊಗಟೆಯ ಕೆಳಗಿನ ತೆಳು ಪದರದಲ್ಲಿ. ಒಳಗಿನ ಚೇಗು ಆಧಾರ ಕೊಡುತ್ತದೆ, ಅಷ್ಟೆ. ಆಲಿವ್ ಮರ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ವಯಸ್ಸಾಗುತ್ತ ಅದರ ಕಾಂಡ ಹೋಳು ಹೋಳಾಗಿ ಬೇರ್ಪಡುತ್ತದೆ. ಪ್ರತಿ ಹೋಳಿಗೂ ಹೆಚ್ಚುಕಡಿಮೆ ತನ್ನದೇ ಬೇರು, ತನ್ನದೇ ರೆಂಬೆ. ಒಂದು ಹೋಳು ಸತ್ತರೆ ಮಿಕ್ಕವು ತಮ್ಮ ಪಾಡಿಗೆ ತಾವು ಬದುಕುತ್ತವೆ. ಬುಡದಲ್ಲಿ ಉಬ್ಬಿದ ಗಂಟುಗಳಲ್ಲಿ ನೂರಾರು ಮೊಗ್ಗುಗಳು ಮಲಗಿರುತ್ತವೆ. ಮೇಲಿನದು ಹೋದರೆ ಅವು ಎದ್ದು ಚಿಗುರುತ್ತವೆ. ಹೀಗಾಗಿ ಈ ಮರಕ್ಕೆ ಮುಪ್ಪಿನಿಂದ ಬರುವ ಸಾವು ಅಷ್ಟು ಸುಲಭವಲ್ಲ. ಕೊಡಲಿ, ಬೆಂಕಿ, ರೋಗ, ಕೊರೆಯುವ ಹಿಮ ಇವೇ ಅದರ ಶತ್ರುಗಳು. ಬೆಂಕಿಯೂ ಎಷ್ಟೋ ಸಲ ಸೋತಿದೆ.

ಬಂದವರೆಲ್ಲ ಮೊದಲು ಕೇಳುವ ಪ್ರಶ್ನೆ: ವಯಸ್ಸೆಷ್ಟು? ವೂವೆಸ್ ಮರಕ್ಕೆ 2,000 ವರ್ಷಕ್ಕೆ ಕಡಿಮೆಯಿಲ್ಲ ಎನ್ನುತ್ತಾರೆ. 3,000 ಎನ್ನುವವರಿದ್ದಾರೆ, 4,000 ಎನ್ನುವವರೂ ಇದ್ದಾರೆ. ನಿಜ ಏನೆಂದರೆ ಅದನ್ನು ಹೇಳಬಲ್ಲ ಸಾಕ್ಷಿಯೇ ಮರದೊಳಗಿಲ್ಲ. ಅತಿ ಹಳೆಯ ಚೇಗು ಇರಬೇಕಾದದ್ದು ಕಾಂಡದ ನಡುವೆ. ಅದು ಯಾವ ಕಾಲದಲ್ಲೋ ಕೊಳೆತು ಮಣ್ಣಾಗಿದೆ. ರೇಡಿಯೋಕಾರ್ಬನ್ ಪರೀಕ್ಷೆಗೆ ಕೊಡಲು ತುಂಡೇ ಇಲ್ಲ. ಹೊರಗಿನ ವಾರ್ಷಿಕ ಬಳೆಗಳನ್ನು ಎಣಿಸಿ ಒಳಗಿನದನ್ನು ಊಹಿಸಬೇಕು. ಆಲಿವ್ ಮರದ ಬಳೆಗಳನ್ನು ಎಣಿಸುವುದೂ ಬಲು ಕಷ್ಟ.

ಎಷ್ಟು ಕಷ್ಟ ಎನ್ನುವುದಕ್ಕೆ ಕ್ರೀಟಿನ ಉತ್ತರಕ್ಕಿರುವ ಸ್ಯಾಂಟೊರಿನಿ ದ್ವೀಪದ ಒಂದು ಪ್ರಸಂಗ ಹೇಳುತ್ತೇನೆ. ಕಂಚಿನ ಯುಗದಲ್ಲಿ ಆ ದ್ವೀಪದ ಜ್ವಾಲಾಮುಖಿ ಸಿಡಿದು ಊರುಗಳನ್ನೇ ಬೂದಿಯಡಿ ಹೂತುಹಾಕಿತು. ಅದು ನಡೆದ ವರ್ಷ ಗೊತ್ತಾದರೆ ಆ ಕಾಲದ ಇಡೀ ಇತಿಹಾಸದ ಕಾಲಗಣನೆಗೆ ಒಂದು ಗೂಟ ಸಿಕ್ಕಂತೆ. 2002ರಲ್ಲಿ ಅಲ್ಲಿನ ಬೂದಿಗಲ್ಲಿನ ಗೋಡೆಯಲ್ಲಿ, ಸಿಡಿತದ ಹೊತ್ತಿಗೆ ಹೂತುಹೋದ ಆಲಿವ್ ರೆಂಬೆಯೊಂದು ಸಿಕ್ಕಿತು. ಅದರ ಬಳೆಗಳನ್ನು ಎಕ್ಸ್-ರೇ ಚಿತ್ರಗಳಲ್ಲಿ ಎಣಿಸಿ, ಕಾರ್ಬನ್ ಪರೀಕ್ಷೆಯನ್ನೂ ಜೋಡಿಸಿ, ಸಿಡಿತ ನಡೆದದ್ದು ಕ್ರಿಸ್ತಪೂರ್ವ 1627ರಿಂದ 1600ರ ನಡುವೆ ಎಂದು 2006ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಕೆಲವು ವರ್ಷಗಳ ನಂತರ ಬೇರೊಂದು ತಂಡ ಅದೇ ದ್ವೀಪದ ಈಗಿನ ಆಲಿವ್ ಮರಗಳ ಮಾದರಿಗಳನ್ನು ಬೇರೆ ಬೇರೆ ಪರಿಣತರ ಕೈಗೆ ಕೊಟ್ಟು ಬಳೆ ಎಣಿಸಲು ಹೇಳಿತು. ಒಬ್ಬರ ಎಣಿಕೆ ಇನ್ನೊಬ್ಬರದಕ್ಕೆ ಹೊಂದಲಿಲ್ಲ. ಮರ ಒಂದು ವರ್ಷ ಬಳೆ ಮೂಡಿಸದೆ ಇರಬಹುದು, ಇನ್ನೊಂದು ವರ್ಷ ಎರಡು ಮೂಡಿಸಬಹುದು. ಕಣ್ಣಮುಂದೆ ಬೆಳೆದ ಮರದ ಕಥೆಯೇ ಹೀಗಿದ್ದರೆ, ಒಳಗೆ ಟೊಳ್ಳಾದ ಮರದ ಜನ್ಮವರ್ಷವನ್ನು ಫಲಕದ ಮೇಲೆ ಬರೆಯುವವರು ಸ್ವಲ್ಪ ತಡೆದು ಬರೆಯುವುದು ಒಳ್ಳೆಯದು. 2,000 ಎಂದರೂ ಆ ಮರದ ಘನತೆಗೆ ಕೂದಲೆಳೆಯಷ್ಟೂ ಕುಂದಿಲ್ಲ.

ನನ್ನ ಮಟ್ಟಿಗೆ ವಯಸ್ಸಿಗಿಂತ ದೊಡ್ಡ ಸಂಗತಿ ಇನ್ನೊಂದಿದೆ. ವೂವೆಸ್ ಮರದ ಬುಡ ಕಾಡು ಆಲಿವಿನದು. ಆಳೆತ್ತರಕ್ಕೂ ಮೇಲೆ ಅದಕ್ಕೆ ಊರಿನ ತಳಿಯ ಕಸಿ ಕಟ್ಟಿದ್ದಾರೆ. ತಳಿಯ ಹೆಸರು ಮಾಸ್ಟೊಇಡಿಸ್, ಆ ಸೀಮೆಯವರ ಬಾಯಲ್ಲಿ ತ್ಸುನಾತಿ. ಅಂದರೆ ಎಷ್ಟೋ ಶತಮಾನಗಳ ಹಿಂದೆ ಯಾರೋ ಒಬ್ಬ ರೈತ, ತಾನಾಗಿ ಹುಟ್ಟಿ ಬೆಳೆದ ಕಾಡುಮರವನ್ನು ಕಡಿಯದೆ, ಅದರ ಬೇರಿನ ಬಲವನ್ನು ನಂಬಿ, ಹಣ್ಣು ಕೊಡುವ ಕಡ್ಡಿಯೊಂದನ್ನು ತಂದು ಅದರ ಮೈಗೆ ಸೇರಿಸಿದ. ಅವನ ಹೆಸರು ಯಾರಿಗೂ ಗೊತ್ತಿಲ್ಲ. ಅವನ ಮಕ್ಕಳು ಮರಿಮಕ್ಕಳು ಒಣರೆಂಬೆ ಸವರಿದರು, ಬುಡದ ಕಾಡುಚಿಗುರು ಕಿತ್ತರು, ಕಾಯಿ ಬಡಿದು ಗಾಣಕ್ಕೆ ಹೊತ್ತರು. ಕೈಬಿಟ್ಟಿದ್ದರೆ ಬುಡದಿಂದೆದ್ದ ಕಾಡುಚಿಗುರು ಕಸಿಯನ್ನು ನುಂಗಿಹಾಕುತ್ತಿತ್ತು. ಆದ್ದರಿಂದ ಈ ಮರವನ್ನು ಬರಿಯ ನಿಸರ್ಗದ ಆಸ್ತಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಕಾಡೂ ಊರೂ ಕೂಡಿ ಸಾಕಿದ ಮರ ಇದು. ಕೆಲಸ ನಿಲ್ಲಿಸದೆ ಇದ್ದುದರಿಂದಲೇ ಉಳಿದ ಮರ. ಈಗಲೂ ಅದು ಕಾಯಿ ಬಿಡುತ್ತದೆ.

ಆ ಕೆಲಸ ಎಂದಿನಿಂದ ನಡೆದು ಬಂದಿದೆ ಎನ್ನುವುದಕ್ಕೆ ಕ್ರೀಟಿನ ಮಣ್ಣಿನಲ್ಲಿ ಬೇಕಾದಷ್ಟು ಸಾಕ್ಷಿಯಿದೆ. ಕಂಚಿನ ಯುಗದ ಕ್ನೋಸಸ್ ಅರಮನೆಯ ಉಗ್ರಾಣದಲ್ಲಿ ಆಳೆತ್ತರದ ಮಣ್ಣಿನ ಹಂಡೆಗಳು ಸಾಲಾಗಿ ನಿಂತಿದ್ದವು. ಅಲ್ಲೇ ಸಿಕ್ಕ ಲೀನಿಯರ್ ಬಿ ಎಂಬ ಪ್ರಾಚೀನ ಲಿಪಿಯ ಮಣ್ಣಿನ ಹಲಗೆಗಳನ್ನು 1952ರಲ್ಲಿ ಮೈಕೆಲ್ ವೆಂಟ್ರಿಸ್ ಓದುವ ದಾರಿ ಕಂಡುಕೊಂಡ ಮೇಲೆ ತಿಳಿದದ್ದು, ಅವುಗಳಲ್ಲಿ ಎಷ್ಟೋ ಬರಿಯ ಲೆಕ್ಕಪತ್ರ: ಕುರಿ ಎಷ್ಟು, ಉಣ್ಣೆ ಎಷ್ಟು, ಯಾವ ದೇವರಿಗೆ ಎಷ್ಟು ಎಣ್ಣೆ. ನನಗೆ ಇವೆಲ್ಲಕ್ಕಿಂತ ಹತ್ತಿರವಾದದ್ದು ದ್ವೀಪದ ಪೂರ್ವ ತುದಿಯ ಝಾಕ್ರೋಸ್. 1960ರ ದಶಕದಲ್ಲಿ ನಿಕೊಲಾಸ್ ಪ್ಲಾಟೋನ್ ಎಂಬ ಪುರಾತತ್ವಜ್ಞ ಅಲ್ಲಿನ ಅರಮನೆಯ ಉತ್ಖನನ ನಡೆಸುತ್ತಿದ್ದಾಗ ಒಂದು ಬಾವಿಯ ನೀರಿನಲ್ಲಿ ಸಣ್ಣ ಬಟ್ಟಲು ಸಿಕ್ಕಿತು. ಅದರಲ್ಲಿ ಆಲಿವ್ ಕಾಯಿಗಳಿದ್ದವು. ಆ ಅರಮನೆ ಹಾಳಾದದ್ದು ಕ್ರಿಸ್ತಪೂರ್ವ 1450ರ ಸುಮಾರಿಗೆ. ಮೂರು ಸಾವಿರದ ನಾನೂರು ವರ್ಷ ನೀರಿನಲ್ಲಿದ್ದೂ ಆ ಕಾಯಿಗಳು ಈಗ ತಾನೇ ಕಿತ್ತು ತಂದಂತೆ ದುಂಡಗೆ, ನುಣ್ಣಗೆ ಇದ್ದವು. ಗಾಳಿ ತಾಗಿದ್ದೇ ಸುಕ್ಕುಗಟ್ಟಿದವು. ಯಾರೋ ದೇವರಿಗೆಂದು ಇಟ್ಟ ನೈವೇದ್ಯ ಅದು.

ಅರಮನೆಗಳು ಬಿದ್ದುಹೋದವು. ರೋಮನರು, ಅರಬರು, ಬೈಜಾಂಟೈನರು, ವೆನಿಸ್ಸಿನವರು, 1669ರ ನಂತರ ಇಡೀ ದ್ವೀಪಕ್ಕೆ ಆಟೊಮನ್ ತುರ್ಕರು ಒಡೆಯರಾದರು. 1913ರಲ್ಲಿ ಕ್ರೀಟ್ ಗ್ರೀಸಿಗೆ ಸೇರಿತು. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿನ ಎಣ್ಣೆ ಹಡಗು ಹತ್ತಿ ಫ್ರಾನ್ಸಿನ ಮಾರ್ಸೇ ನಗರದ ಸಾಬೂನು ಕಾರ್ಖಾನೆಗಳಿಗೂ ಹೋಗುತ್ತಿತ್ತು. ಈಗ ಸ್ಮಾರಕವೆನ್ನಿಸಿಕೊಂಡ ಮರಗಳಲ್ಲಿ ಎಷ್ಟೋ ಆ ಎಣ್ಣೆಗೆ ತಮ್ಮ ಪಾಲು ಕೊಟ್ಟಿರಲೇಬೇಕು.

ಬೆಂಕಿಯೂ ಈ ಮರದ ಮುಂದೆ ಸೋತಿದೆ ಎಂದು ಆಗಲೇ ಹೇಳಿದೆನಲ್ಲ. ಕ್ರಿಸ್ತಪೂರ್ವ 480ರಲ್ಲಿ ಪರ್ಷಿಯನರು ಅಥೆನ್ಸಿನ ಗುಡ್ಡದ ಮೇಲಿದ್ದ ಅಥೀನಾ ದೇವಿಯ ಆಲಿವ್ ಮರವನ್ನು ಸುಟ್ಟರು, ಮಾರನೆಯ ದಿನ ಹೋಗಿ ನೋಡಿದರೆ ಬೊಡ್ಡೆಯಿಂದ ಮೊಳದುದ್ದದ ಚಿಗುರು ಎದ್ದಿತ್ತು ಎಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಒಂದೇ ದಿನದಲ್ಲಿ ಮೊಳದುದ್ದ ಎನ್ನುವುದು ಭಕ್ತಿಯ ಮಾತು. ಚಿಗುರು ಮಾತ್ರ ಸುಳ್ಳಲ್ಲ. 2021ರ ಜುಲೈಯಲ್ಲಿ ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ಭಾರಿ ಕಾಳ್ಗಿಚ್ಚು ಎದ್ದಾಗ ಕುಲ್ಯೆರಿ ಎಂಬ ಊರಿನ ಹತ್ತಿರ ಜನ ‘ಕುಲಪತಿ’ ಎಂದು ಕರೆಯುತ್ತಿದ್ದ ಆಲಿವ್ ಮರ ಹೊತ್ತಿಕೊಂಡಿತು. ಅದಕ್ಕೆ ಎರಡು ಸಾವಿರ ವರ್ಷದ ಆಸುಪಾಸು ವಯಸ್ಸೆಂದು ಅಂದಾಜು. ಮೇಲಿನದೆಲ್ಲ ಇದ್ದಿಲಾಯಿತು. ಕಾಲಿಯರಿ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಜಾನ್‌ಲುಯಿಜಿ ಬಕ್ಕೆತ್ತಾ ಮತ್ತವರ ಜೊತೆಗಾರರು ಕಾದ ನೆಲಕ್ಕೆ ನೀರು ಹಾಯಿಸಿದರು. ಉಳಿದ ಬೊಡ್ಡೆಗೆ ಸೆಣಬಿನ ಬಟ್ಟೆ ಸುತ್ತಿ, ಬುಡಕ್ಕೆ ಹುಲ್ಲು ಹೊದಿಸಿ, ಮೇಲೆ ನೆರಳು ಕಟ್ಟಿ ಕಾದರು. ಕೆಲವು ತಿಂಗಳ ಮೇಲೆ ಬುಡದಿಂದ ಚಿಗುರೊಡೆಯಿತು. ಬದುಕುವ ಶಕ್ತಿ ಮರದ್ದು, ನಿಜ. ಆದರೆ ನೀರು ಹೊತ್ತವರು ಮನುಷ್ಯರು.

ಈಗ ಕಹಿ ಮಾತಿಗೆ ಬರುತ್ತೇನೆ. ಕ್ರೀಟಿನ ಹಳೆಯ ಮರಗಳನ್ನು ಹೆಚ್ಚಾಗಿ ಬಲಿ ತೆಗೆದುಕೊಂಡದ್ದು ಬೆಂಕಿಯಲ್ಲ, ಮಾರುಕಟ್ಟೆಯ ಲೆಕ್ಕ. ಹಳೆಯ ಮರಗಳಲ್ಲಿ ಬಹಳಷ್ಟು ತ್ರುಂಬೊಲಿಯಾ ಎಂಬ ತಳಿಯವು. ಈ ತಳಿಗೆ ಒಂದು ವಿಶೇಷ ಗುಣವಿದೆ. ಯಾವ ಆಲಿವ್ ಕಾಯಿಯನ್ನೂ ಮರದಿಂದ ಕಿತ್ತು ಬಾಯಿಗೆ ಹಾಕಿಕೊಳ್ಳುವ ಹಾಗಿಲ್ಲ. ಬೇವಿನ ಹಾಗೆ ಕಹಿ, ವಾರಗಟ್ಟಲೆ ಉಪ್ಪುನೀರಿನಲ್ಲಿ ನೆನೆಸಿ ಕಹಿ ತೆಗೆಯಬೇಕು. ತ್ರುಂಬೊಲಿಯಾ ಮಾತ್ರ ಬೇರೆ. ಚಳಿಗಾಲದ ತೇವದಲ್ಲಿ ಒಂದು ಬಗೆಯ ಶಿಲೀಂಧ್ರ ಅದರ ಹಣ್ಣಿನೊಳಗೆ ಸೇರಿ ಕಹಿಯನ್ನು ಮರದ ಮೇಲೆಯೇ ಕರಗಿಸಿಬಿಡುತ್ತದೆ. ಹಣ್ಣು ಕಪ್ಪಾಗಿ, ಸುಕ್ಕಾಗಿ, ತಾನೇ ಉದುರುತ್ತದೆ. ನೆಲದಿಂದ ಆಯ್ದು ಒರೆಸಿ ಹಾಗೆಯೇ ತಿನ್ನಬಹುದು. ಬಡವರ ಬುತ್ತಿಗೆ ಹೇಳಿ ಮಾಡಿಸಿದ ಹಣ್ಣು.

ಆದರೆ ಇಂದಿನ ಪೇಟೆಗೆ ಅದೇ ದೋಷ. ಮರ ಎತ್ತರ, ಕೈಗೆ ಎಟುಕದು. ಕೆಳಗೆ ಬಲೆ ಹಾಸಿ ಹಣ್ಣು ತಾನಾಗಿ ಉದುರುವವರೆಗೆ ಕಾಯಬೇಕು. ಬಲೆಯ ಮೇಲೆ ಬಿದ್ದ ಹಣ್ಣು ದಿನ ಕಳೆದಂತೆ ಹುಳಿಯಾಗುತ್ತದೆ, ಎಣ್ಣೆಯ ಆಮ್ಲಾಂಶ ಏರುತ್ತದೆ, ಬೆಲೆ ಇಳಿಯುತ್ತದೆ. ಇದರ ಎದುರಿಗೆ ಕೊರೊನೇಯಿಕಿ ಎಂಬ ಸಣ್ಣ ಕಾಯಿಯ ತಳಿ ಇದೆ. ಗಿಡ್ಡ ಮರ, ಬೇಗ ಫಲ, ಹಸಿಯಾಗಿರುವಾಗಲೇ ಬಾಚಿ ಇಳಿಸಿ ಅಂದೇ ಗಾಣಕ್ಕೆ ಹಾಕಿದರೆ ಉತ್ತಮ ದರ್ಜೆಯ ಎಣ್ಣೆ. ಇಪ್ಪತ್ತನೆಯ ಶತಮಾನದ ಎರಡನೆಯ ಭಾಗದಲ್ಲಿ ಊರೂರು ಕೊರೊನೇಯಿಕಿ ನೆಟ್ಟಿತು. ನೂರಾರು ವರ್ಷದ ತ್ರುಂಬೊಲಿಯಾ ಮರಗಳು ಸೌದೆಯಾದವು. ಆಲಿವ್ ಸೌದೆ ನಿಧಾನವಾಗಿ, ಬಿಸಿಯಾಗಿ ಉರಿಯುತ್ತದೆ. ಆ ರೈತರನ್ನು ನಾನು ದೂರಲಾರೆ. ಮಕ್ಕಳ ಶಾಲೆಯ ಖರ್ಚು ಮರದ ವಯಸ್ಸನ್ನು ಕೇಳುವುದಿಲ್ಲ. ದೂರಬೇಕಾದದ್ದು ಎಣ್ಣೆಯನ್ನು ಆಮ್ಲಾಂಶದಿಂದ ಮಾತ್ರ ಅಳೆದು, ಅದು ಯಾವ ಮರದಿಂದ ಬಂತೆಂದು ಕೇಳದ ವ್ಯವಸ್ಥೆಯನ್ನು.

ಕಡಿಯುವುದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಕಿತ್ತು ಮಾರುವ ವ್ಯಾಪಾರ. ಇದು ಜೋರಾಗಿ ನಡೆದದ್ದು ಸ್ಪೇನಿನಲ್ಲಿ. ಯಂತ್ರ ತಂದು ಹಳೆಯ ಮರವನ್ನು ಬೇರುಸಮೇತ ಎತ್ತಿ, ರೆಂಬೆಗಳನ್ನೆಲ್ಲ ಕತ್ತರಿಸಿ, ದೊಡ್ಡ ಕುಂಡದಲ್ಲಿಟ್ಟು ಸಿರಿವಂತರ ತೋಟಗಳಿಗೂ ಹೋಟೆಲಿನ ಅಂಗಳಗಳಿಗೂ ಕಳಿಸುತ್ತಾರೆ. ಇದನ್ನು ತಡೆಯಲೆಂದೇ ವಲೆನ್ಸಿಯಾ ಪ್ರಾಂತ್ಯ 2006ರಲ್ಲಿ ಸ್ಮಾರಕ ಮರಗಳ ಕಾನೂನು ತಂದು, 350 ವರ್ಷ ದಾಟಿದ ಮರಗಳಿಗೆ ರಕ್ಷಣೆ ಕೊಟ್ಟಿತು. ಈ ವ್ಯಾಪಾರ ನಮ್ಮ ದೇಶದವರೆಗೂ ಬಂದಿದೆ. ಆಂಧ್ರದ ಕಡಿಯಂ ನರ್ಸರಿಗಳಿಂದ ಸುಮಾರು 180 ವರ್ಷದ ಎರಡು ಆಲಿವ್ ಮರಗಳು ಗುಜರಾತಿನ ಜಾಮ್‌ನಗರಕ್ಕೆ ಲಾರಿಯಲ್ಲಿ ಹೋದ ಸುದ್ದಿಯನ್ನು 2021ರಲ್ಲಿ ಪತ್ರಿಕೆಗಳು ಬೆರಗಿನಿಂದ ಬರೆದವು. ಆ ಮರಗಳು ಹುಟ್ಟಿ ಬೆಳೆದದ್ದು ಸ್ಪೇನಿನಲ್ಲಿ. ಆಲಿವ್ ಹೂ ಬಿಡಬೇಕಾದರೆ ಚಳಿಗಾಲದ ತಂಪು ಬೇಕು. ನಮ್ಮ ಬಿಸಿ ಬಯಲಿನಲ್ಲಿ ಅದು ಬದುಕೀತು, ತೌರಿನಲ್ಲಿ ಕೊಟ್ಟಂತೆ ಕಾಯಿ ಕೊಡುವುದು ಕಷ್ಟ. ಗಾಣವಿಲ್ಲ, ಸವರುವ ಕೈಯಿಲ್ಲ, ಪಕ್ಕದಲ್ಲಿ ತನ್ನವೆನ್ನುವ ಮರಗಳಿಲ್ಲ. ಅಲಂಕಾರಕ್ಕೆ ನಿಂತ ಮರಕ್ಕೆ ಜೀವವಿದೆ, ಬಾಳಿಲ್ಲ. ಹಣವುಳ್ಳವರು ದಯವಿಟ್ಟು ಹೊಸ ಸಸಿ ನೆಡಲಿ, ಇನ್ನೊಂದು ಊರಿನ ಹಿರಿಯರನ್ನು ಕೊಳ್ಳದಿರಲಿ.

ಮರ, ಗಿಡ ಊರಿಂದೂರಿಗೆ ಸಾಗುವಾಗ ರೋಗವೂ ಸಾಗುತ್ತದೆ. 2013ರಲ್ಲಿ ದಕ್ಷಿಣ ಇಟಲಿಯ ಪುಲ್ಯಾದಲ್ಲಿ ಆಲಿವ್ ಮರಗಳು ತುದಿಯಿಂದ ಒಣಗತೊಡಗಿದ್ದಕ್ಕೆ ಕಾರಣ ಕ್ಸೈಲೆಲ್ಲಾ ಫಾಸ್ಟಿಡಿಯೋಸಾ ಎಂಬ ಬ್ಯಾಕ್ಟೀರಿಯ ಎಂದು ಪತ್ತೆಯಾಯಿತು. ಅಲಂಕಾರಕ್ಕೆಂದು ಮಧ್ಯ ಅಮೆರಿಕದಿಂದ ತರಿಸಿದ ಕಾಫಿ ಗಿಡದೊಡನೆ ಅದು ಬಂದಿರಬೇಕು ಎಂಬುದು ವಿಜ್ಞಾನಿಗಳ ಅಭಿಪ್ರಾಯ. ನೀರು ಏರುವ ನಾಳಗಳಲ್ಲಿ ಅದು ಮನೆಮಾಡುತ್ತದೆ. ಜೊಲ್ಲುನೊರೆಯಲ್ಲಿ ಮರಿ ಬೆಳೆಸುವ ಪುಟ್ಟ ಕೀಟವೊಂದು ಮರದಿಂದ ಮರಕ್ಕೆ ಅದನ್ನು ಒಯ್ಯುತ್ತದೆ. ಲಕ್ಷಾಂತರ ಮರಗಳು ಹೋದವು, ಶತಮಾನಗಳನ್ನು ಕಂಡ ಮರಗಳೂ ಅವುಗಳಲ್ಲಿದ್ದವು. ಎರಡು ಮೂರು ವರ್ಷಗಳಲ್ಲಿ ಕಾರ್ಸಿಕಾ, ಮಯೋರ್ಕಾ ದ್ವೀಪಗಳಲ್ಲೂ ಅದರ ಬಗೆಬಗೆಯ ಉಪಜಾತಿಗಳು ಸಿಕ್ಕವು. ಈ ರೋಗದ ಮುಂದೆ ಕ್ರೀಟಿಗಿರುವ ರಕ್ಷಣೆ ಸುತ್ತಲಿನ ಕಡಲು, ಮತ್ತು ಬಂದರಿನಲ್ಲಿ ಗಿಡದ ಕುಂಡಗಳನ್ನು ತಪಾಸಣೆ ಮಾಡುವವರ ಕಣ್ಣು. ಇದರ ಜೊತೆಗೆ ಚಳಿಗಾಲಗಳು ಬೆಚ್ಚಗಾಗುತ್ತಿವೆ. ಚಳಿ ಸಾಲದ ವರ್ಷ ಹೂವೇ ಕಡಿಮೆ.

ಹಳೆಯ ತೋಟ ಹೋದರೆ ಹೋಗುವುದು ಮರ ಒಂದೇ ಅಲ್ಲ. ಆ ಪೊಟರೆಗಳಲ್ಲಿ ಗೂಬೆ ಗೂಡು ಕಟ್ಟುತ್ತದೆ. ಗ್ರೀಕರು ಅಥೀನಾ ದೇವಿಯ ಜೊತೆಗೆ ನಾಣ್ಯದ ಮೇಲೆ ಅಚ್ಚೊತ್ತಿದ್ದು ಇದೇ ಪುಟ್ಟ ಗೂಬೆಯನ್ನು. ಉಳದ ನೆಲದಲ್ಲಿ ವಸಂತಕ್ಕೆ ಬಗೆಬಗೆಯ ಕಾಡು ಸೀತಾಳೆಗಳು ಅರಳುತ್ತವೆ. ಮೆಟ್ಟಿಲು ಹೊಲಗಳ ಗಾರೆಯಿಲ್ಲದ ಕಲ್ಲುಗೋಡೆಗಳು ಮಣ್ಣನ್ನು ಹಿಡಿದಿಟ್ಟಿವೆ. ಯುನೆಸ್ಕೊ 2011ರಲ್ಲಿ ಮಯೋರ್ಕಾ ದ್ವೀಪದ ಟ್ರಮುಂತಾನ ಬೆಟ್ಟಸಾಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಒಂದು ಮರವನ್ನಲ್ಲ, ಗೋಡೆ, ನೀರಿನ ಕಾಲುವೆ, ಆಲಿವ್ ತೋಪು, ಅವುಗಳ ಹಿಂದಿನ ದುಡಿಮೆ ಎಲ್ಲವನ್ನೂ ಒಂದಾಗಿ ಕಂಡಿತು. ಸರಿಯಾದ ನೋಟ ಅದೇ.

ಕ್ರೀಟಿನಲ್ಲಿ ಆಲಿವ್ ಬೆಳೆಯುವ ಪುರಸಭೆಗಳ ಒಕ್ಕೂಟ ಹಳ್ಳಿ ಹಳ್ಳಿ ತಿರುಗಿ ಹಿರಿಯ ಮರಗಳನ್ನು ಅಳೆದು ಪಟ್ಟಿ ಮಾಡಿದೆ. ವೂವೆಸ್ ಇದೆ, ಪೂರ್ವದಲ್ಲಿ ಕಾವೂಸಿ ಇದೆ, ಇನ್ನೂ ಹಲವಿವೆ. ಪಟ್ಟಿ ಸೇರಿದ ಮರಕ್ಕೆ ಫಲಕ ಬರುತ್ತದೆ, ಪ್ರವಾಸಿಗರು ಬರುತ್ತಾರೆ, ಕೊಡಲಿ ಹತ್ತಿರ ಬರಲು ಹೆದರುತ್ತದೆ. ಪಟ್ಟಿ ಸೇರದ ಮರ ಯಾರದೋ ಹೊಲದ ಮೂಲೆಯಲ್ಲಿದೆ. ಅದರ ಒಡೆಯನಿಗೆ ವಯಸ್ಸಾಗಿದೆ, ಮಕ್ಕಳು ಅಥೆನ್ಸಿನಲ್ಲಿದ್ದಾರೆ, ಏಣಿ ಹತ್ತಿ ರೆಂಬೆ ಸವರುವ ಆಳಿನ ಕೂಲಿ ಆ ಮರದ ಎಣ್ಣೆಯ ಬೆಲೆಗಿಂತ ಹೆಚ್ಚು. ಯುನೆಸ್ಕೊ 2019ರಲ್ಲಿ ನವೆಂಬರ್ 26ನ್ನು ವಿಶ್ವ ಆಲಿವ್ ಮರದ ದಿನವೆಂದು ಘೋಷಿಸಿತು. ಒಳ್ಳೆಯ ಕೆಲಸ. ಕ್ರೀಟಿನಲ್ಲಿ ಆ ದಿನ ಕೊಯ್ಲಿನ ನಡುಗಾಲ, ಗಾಣಗಳು ರಾತ್ರಿಯೂ ತಿರುಗುವ ಕಾಲ. ಹಿರಿಯ ಮರಗಳ ಕಾಯಿಯನ್ನು ಬೇರೆಯಾಗಿ ಇಳಿಸಿ, ಹಸಿಯಾಗಿರುವಾಗಲೇ ಬೇರೆಯಾಗಿ ಆಡಿಸಿ, ಸೀಸೆಯ ಮೇಲೆ ಆ ಮರಗಳ ಹೆಸರು ಬರೆದು, ಸವರುವವನ ಕೂಲಿ ಗಿಟ್ಟುವಷ್ಟು ಬೆಲೆಗೆ ಮಾರುವುದು ಸಾಧ್ಯ. ಸ್ಪೇನಿನ ಹಳೆಯ ತೋಪುಗಳಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಕ್ರೀಟಿನ ಪ್ರತಿ ಹಳ್ಳಿಯ ಗಾಣದಲ್ಲೂ ಅಂಥ ಒಂದು ಬೇರೆ ತೊಟ್ಟಿ ಇರಬೇಕೆಂಬುದು ನನ್ನ ಆಸೆ.